ಏಳನೇ ಮೆಟ್ಟಿಲು ಖಾಲಿಯಿದೆ

“ಗಂಡ ಸತ್ತೋಳು ಬಾವಿಗಿಳಿದ್ರ ಗಂಗವ್ವ ಮೇಲಕ್ಕ ಬತ್ತಾಳೇನ್ಲಾ? ಇರೋ ತೇವಾನೂ ಇಂಗೋಯ್ತದ, ನೋಡ್ತಿರು!”

ಬಾವಿಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಎಲೆಅಡಿಕೆ ಜಗಿಯುತ್ತಾ ಹಾಗೆಂದವನು ಪುಟ್ಟಮಲ್ಲಪ್ಪ. ಕೊಳ್ಳೇಗಾಲದ ಹಳೇಬಾವಿ ಬೀದಿಗೆಲ್ಲ ಹಿರಿಯ. ಕೆಲಸಕ್ಕೆ ಕೈ ಹಾಕದಿದ್ದರೂ ಬಾಯಿ ಹಾಕದೆ ಬಿಟ್ಟವನಲ್ಲ.

ಅವನ ಮಾತು ಮುಗಿಯುವ ಮೊದಲೇ ಶಿವನಂಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾವಿಯ ಮೇಲಿನ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗಿತ್ತು.

“ನಿಂತ್ಕಳಿ!”

ಕೆಳಗಿನಿಂದ ಕೂಗು ಬಂತು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡ, ಎತ್ತರದ ಗಂಡಸೊಬ್ಬ ಹೂಳು ತುಂಬಿದ ಬಿದಿರಿನ ಮಂಕರಿ ಹಿಡಿದು ತಲೆಯೆತ್ತಿ ನೋಡುತ್ತಿದ್ದ.

“ನಿಮ್ಮನಗ ಮಾಫಿ ಅದ ಕಣವ್ವಾ. ಗಂಡಾಳಿಲ್ಲದ ಮನಯಿಂದ ಯಾರೂ ಬರೋದು ಬ್ಯಾಡ ಅಂತ ಸಂಘದಲ್ಲಿ ತೀರ್ಮಾನ ಆಗದ.”

“ಮಾಫಿ ಕೇಳ್ದೋರ್ಯಾರು?”

ಅವಳ ದನಿ ಬಾವಿಯ ಗೋಡೆಗೆ ಬಡಿದು ಎರಡು ಸಲ ಕೇಳಿಸಿತು.

“ನಾಳ ನೀರು ಬಂದ್ರ ನಮ್ಮನ ಬಿಂದಗನೂ ಇದೇ ಬಾವಿಗಲ್ವಾ ಇಳಿಯೋದು? ನೀರು ಕುಡಿಯಾಕ ನಮ್ಮನ ಲೆಕ್ಕಕ್ಕದ, ಹೂಳು ಹೊರಾಕ ಲೆಕ್ಕಕ್ಕಿಲ್ವಾ?”

ಮೆಟ್ಟಿಲ ಮೇಲಿದ್ದ ಹದಿನಾರು ಜನ ಗಂಡಸರೂ ಮಂಕರಿ ಹಿಡಿದೇ ಅವಳತ್ತ ತಿರುಗಿದರು. ಪುಟ್ಟಮಲ್ಲಪ್ಪನ ದವಡೆ ಅರ್ಧಕ್ಕೇ ನಿಂತಿತು.

ಕೆಳಗಿದ್ದವನು ಅವಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ, ಕೆಸರಿನ ಮುಖದಲ್ಲಿ ಬಿಳೀ ಹಲ್ಲು ಕಾಣುವಂತೆ ನಕ್ಕುಬಿಟ್ಟ!

“ಎಂಟ್ನೇ ಮೆಟ್ಲು ಖಾಲಿ ಅದ. ಬನ್ನಿ.”

*

ಆಗಿನ್ನೂ ಕೊಳ್ಳೇಗಾಲ ಮದ್ರಾಸು ಸೀಮೆ, ಪಕ್ಕದ ಯಳಂದೂರು ಮೈಸೂರು ಸೀಮೆ. ಸ್ವರಾಜ್ಯ ಬಂದು ಆರು ವರ್ಷವಾಗಿತ್ತು. ಅಜ್ಜಂದಿರ ಕಾಲದ ಪ್ಲೇಗಿನಲ್ಲಿ ಖಾಲಿಯಾದ ಹಳೇಬಾವಿ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳು ಬಿದ್ದಿದ್ದು ಬಿದ್ದೇ ಇದ್ದವು. ಮೆಟ್ಟಿಲುಬಾವಿಯಲ್ಲಿ ಹೂಳು, ಮುಳ್ಳು, ಹಾವು. ಹೆಂಗಸರು ಒಂದು ಬಿಂದಿಗೆ ನೀರಿಗೆ ಕೆರೆಯವರೆಗೂ ನಡೆಯಬೇಕಾಗಿತ್ತು.

ಅರ್ಜಿ ಕೊಟ್ಟು ಸಾಕಾಗಿ ಬೀದಿಯವರೇ ಒಂದು ಸೇವಾ ಸಂಘ ಕಟ್ಟಿಕೊಂಡರು. ನಿಯಮ ಒಂದೇ. ವಾರಕ್ಕೊಂದು ದಿನ, ಮನೆಗೊಂದು ಆಳು, ಕೂಲಿಯಿಲ್ಲ. ಆ ದಿನ ಸೋಮವಾರ. ಯಾಕೆಂದರೆ ಸೋಮವಾರ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹೊಲದ ಕೆಲಸವಿಲ್ಲ. ಆದರೆ ಹೂಳು ಎಳೆಯಲೂ ಎತ್ತು ಕಟ್ಟುವ ಹಾಗಿಲ್ಲವಲ್ಲ!

“ಬಸವಣ್ಣನಿಗೆ ರಜ, ಅದ್ಕ ನಾವೇ ಎತ್ತು” ಎಂದು ನಗುತ್ತಾ ಮೆಟ್ಟಿಲಿಗೊಬ್ಬರಂತೆ ಸಾಲಾಗಿ ನಿಂತು, ಮಂಕರಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು.

ಕೆಳಗಿನಿಂದ ಏಳನೇ ಮೆಟ್ಟಿಲು ಮುರಿದಿತ್ತು. ಅರ್ಧ ಕಲ್ಲಷ್ಟೇ ಉಳಿದಿತ್ತು. ಅಲ್ಲಿ ನಿಲ್ಲಲು ಯಾರೂ ಒಪ್ಪದೇ ಇದ್ದಾಗ ತಾನಾಗಿ ಹೋಗಿ ನಿಂತವನೇ ಸಿದ್ದಮಲ್ಲಪ್ಪ, ಅವಳನ್ನು ‘ಬನ್ನಿ’ ಎಂದು ಕರೆದವನು. ಅವನು ಆ ಬೀದಿಯವನೂ ಅಲ್ಲ. ಯಳಂದೂರಿನಿಂದ ಬಂದು, ಬೀದಿಯ ತುದಿಯ ಮಗ್ಗದ ಮನೆಯಲ್ಲಿ ಸೀರೆ ನೇಯುತ್ತಿದ್ದವನು.

ಶಿವನಂಜಮ್ಮನಿಗೆ ಇಪ್ಪತ್ತೆರಡು ವರ್ಷ. ಮದುವೆಯಾದ ಎಂಟೇ ತಿಂಗಳಿಗೆ ಗಂಡ ಮಹದೇವು ಕಾಡಿನ ಕಡೆ ಗಾಡಿ ಹೊಡೆದುಕೊಂಡು ಹೋಗಿ, ಜ್ವರ ಹೊತ್ತುಕೊಂಡು ಬಂದು ಮಲಗಿದವನು ಏಳಲಿಲ್ಲ. ಲೊಕ್ಕನಹಳ್ಳಿಯ ತವರಿನಿಂದ ಅಣ್ಣ ಕರೆಯಲು ಬಂದಾಗ, “ಮಂಡಿ ಹೋಗಿರೋ ಅತ್ತನ ಯಾರ ಕೈಲಿ ಬುಟ್ಟು ಬರ್ಲಣ್ಣಾ?” ಎಂದು ಉಳಿದುಬಿಟ್ಟಳು. ನಾಲ್ಕು ಮನೆಗೆ ರಾಗಿ ಬೀಸಿ, ತಾನೂ ಉಂಡು, ಅತ್ತೆ ದೊಡ್ಡಬಸಮ್ಮನಿಗೂ ಉಣಿಸುತ್ತಿದ್ದಳು.

ಯಾರ ಮುಂದೆಯೂ ಅವಳ ಕೈ ಚಾಚಿದ್ದಿಲ್ಲ. ಆ ಕೈಗೆ ಕೊಡುವುದಷ್ಟೇ ಗೊತ್ತಿತ್ತು.

*

ಸೋಮವಾರಗಳು ಒಂದೊಂದಾಗಿ ಉರುಳಿದವು.

“ಎಂಟ್ನೇ ಮೆಟ್ಲೋರೇ, ಕೈ ನೋಯ್ತಾ ಅದಾ?”

“ನಮ್ದೇನೂ ಇಲ್ಲ. ಏಳ್ನೇ ಮೆಟ್ಲೋರೇ ತೂಕಡಿಸ್ತಾವ್ರ. ಮಂಕರಿ ಬರೋ ಹೊತ್ಗ ರಾಗಿ ಬೀಸ್ಕಂಡು ಬರ್ಬೋದು!”

ಸಾಲಿನುದ್ದಕ್ಕೂ ನಗು. ಮೇಲಿನಿಂದ ಪುಟ್ಟಮಲ್ಲಪ್ಪ, “ಲೇ ಸಿದ್ದ, ಆ ಮಗಿನ ಬಾಯಿಗ ಸಿಕ್ಬೇಡ ಕಣ್ಲಾ, ನಿನ್ನೂ ಬೀಸಾಕ್ಬುಟ್ಟದು!” ಎಂದು ಕೂಗುತ್ತಿದ್ದ.

ಅವನು ಮಂಕರಿ ಎತ್ತಿ ಕೊಡುವಾಗ ಯಾವಾಗಲೂ ಹಿಡಿಯ ನಯವಾದ ಬದಿಯನ್ನು ಅವಳ ಕಡೆಗೇ ತಿರುಗಿಸುತ್ತಿದ್ದ. ಸೀಳಿದ ಬಿದಿರಿನ ಬದಿ ಅವನ ಕೈಗೇ ಇರುತ್ತಿತ್ತು. ಮೊದಮೊದಲು ಅವಳಿಗೆ ತಿಳಿಯಲಿಲ್ಲ. ತಿಳಿದ ದಿನ ಮನೆಗೆ ಹೋಗಿ ಕನ್ನಡಿಯಿಲ್ಲದ ಗೋಡೆಯ ಮುಂದೆ ಸುಮ್ಮನೆ ನಿಂತಿದ್ದಳು.

‘ಏನಾಗಿದೆ ನನಗೆ? ಸೋಮವಾರ ಬರಲಿ ಅಂತ ಯಾಕೆ ಕಾಯ್ತಾ ಇದ್ದೀನಿ?’

ಉತ್ತರ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಭಯ...

ಒಮ್ಮೊಮ್ಮೆ ಅವನು ಮನೆಯ ಜಗಲಿಯವರೆಗೂ ಬಂದು ದೊಡ್ಡಬಸಮ್ಮನ ಹತ್ತಿರ ಕೂರುತ್ತಿದ್ದ. ಯಳಂದೂರಿನ ತನ್ನ ಅವ್ವನ ವಿಚಾರ, ಮಗ್ಗದ ವಿಚಾರ ಹೇಳುತ್ತಿದ್ದ. ಮುದುಕಿ ಬೊಚ್ಚುಬಾಯಲ್ಲಿ ನಗುತ್ತಿದ್ದಳು. ಶಿವನಂಜಮ್ಮ ಒಳಗೆ ರಾಗಿ ಬೀಸುತ್ತಾ, ಅವನ ಮಾತು ಕೇಳಲೆಂದೇ ಕಲ್ಲನ್ನು ನಿಧಾನ ತಿರುಗಿಸುತ್ತಿದ್ದಳು.

ಹನ್ನೊಂದನೇ ಸೋಮವಾರ. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ತಳದಲ್ಲಿ ಹಾರೆ ಹಾಕುತ್ತಿದ್ದ ಮಾದಣ್ಣ ಕಿರುಚಿದ.

“ಒಸರ್ತಾ ಅದ... ಲೇ, ಒಸರ್ತಾ ಅದ ಕಣ್ರಲಾ! ಗಂಗವ್ವ ಬಂದ್ಲು!”

ಎಲ್ಲರೂ ಮಂಕರಿ ಬಿಸುಟು ಕೆಳಗಿಳಿದರು. ಏಳನೇ ಮೆಟ್ಟಿಲ ಮೇಲೆ ಸಿದ್ದಮಲ್ಲಪ್ಪ ಮಾತ್ರ ಇಳಿಯದೆ ಹಿಂತಿರುಗಿ ಅವಳನ್ನು ನೋಡಿದ. ಅವನ ಕಣ್ಣು ತುಂಬಿತ್ತು. ಅವಳದೂ.

ಪುಟ್ಟಮಲ್ಲಪ್ಪ ಮೊದಲ ಬಾರಿಗೆ ಕಟ್ಟೆಯಿಂದಿಳಿದು ಬಂದು, ಬೊಗಸೆಯಲ್ಲಿ ರಾಡಿನೀರು ಹಿಡಿದು ಶಿವನಂಜಮ್ಮನ ಮುಂದೆ ನಿಂತ.

“ನನ್ನ ನಾಲ್ಗಗ ಹುಳ ಬೀಳ... ನೀನು ಇಳಿದದ್ಕೇ ಬಂದ್ಲು ಕಣ್ ಮಗ, ನೀನು ಇಳಿದದ್ಕೇ!”

*

ಗಂಗೆಪೂಜೆಯ ದಿನ ಬೀದಿಗೆಲ್ಲ ತೋರಣ. ಬಾವಿಕಟ್ಟೆಗೆ ಸುಣ್ಣ, ಕೆಮ್ಮಣ್ಣು. ಊರಿನ ಒಬ್ಬ ಸಾಹುಕಾರರು ಬೀದಿಯ ಬಡ ವಿಧವೆಯರಿಗೆ ಸೀರೆ ದಾನ ಮಾಡುತ್ತಾರೆಂದು ಸಂಘದ ಕಾರ್ಯದರ್ಶಿ ಗುರುಪಾದಸ್ವಾಮಿ ಸಾರಿದರು. ಸೀರೆಗಳು ಬೀದಿ ತುದಿಯ ಮಗ್ಗದ ಮನೆಯವೇ. ಮಗ್ಗಕ್ಕೆ ಒಮ್ಮೆ ಹೂಡಿದ ಒಂದೇ ಹಾಸಿನ ನೂಲಿನಲ್ಲಿ ನೇಯ್ದ, ಒಂದೇ ನೀಲಿಯ ಸೀರೆಗಳು. ಮಡಿಸಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ.

ಪಕ್ಕದಲ್ಲಿದ್ದ ಗೋವಿಂದಮ್ಮ ಮೊಣಕೈಯಲ್ಲಿ ತಿವಿದಳು.

“ನಿಂಗೂ ಒಂದು ಬತ್ತದ ಕಣೇ. ಮುಂಡೇರ್ಗೆಲ್ಲಾ ಕೊಡ್ತಾವ್ರಂತ.”

ಶಿವನಂಜಮ್ಮನ ಮೈ ಬಿಸಿಯಾಯಿತು. ‘ನನ್ನ ಹೆಸರು ಕೂಗದೇ ಇರಲಿ ಶಿವನೇ... ಹೂಳು ಹೊತ್ತವಳು ನಾನು. ಎಲ್ಲರ ಹಾಗೆ ಹೊತ್ತವಳು. ಇವತ್ತು ನನ್ನನ್ನು ಭಿಕ್ಷೆಯ ಸಾಲಿನಲ್ಲಿ ನಿಲ್ಲಿಸದೇ ಇರಲಿ...’

ಗುರುಪಾದಸ್ವಾಮಿ ಆರು ಹೆಸರು ಕೂಗಿದರು. ಅವಳ ಹೆಸರಿರಲಿಲ್ಲ!

‘ಅವರೇ ತೆಗೆಸಿರಬೇಕು... ನನ್ನ ಮನಸ್ಸು ಅವರಿಗೆ ಗೊತ್ತು!’ ಎದೆ ಹಗುರಾಗಿ ಅವಳು ಸಿದ್ದಮಲ್ಲಪ್ಪನಿಗಾಗಿ ಸುತ್ತಲೂ ಕಣ್ಣು ಹಾಯಿಸಿದಳು.

ಅವನು ಎದುರಿಗೇ ಬರುತ್ತಿದ್ದ. ಬಿಳೀ ಪಂಚೆ, ಹಣೆಗೆ ವಿಭೂತಿ. ಎರಡೂ ಕೈಯಲ್ಲಿ ಮಡಿಸಿದ ಒಂದು ನೀಲಿ ಸೀರೆ.

ನಾಲ್ಕು ಜನ ಹಿರಿಯರ ಎದುರಿಗೆ, ಒಂದೂ ಮಾತಾಡದೆ, ಅವನು ಆ ಸೀರೆಯನ್ನು ಅವಳ ಮುಂದೆ ಹಿಡಿದ.

ಹಗುರಾಗಿದ್ದ ಎದೆಗೆ ಕಲ್ಲು ಬಿದ್ದಂತಾಯಿತು. ಬೇರೆ ಯಾರು ತಂದಿದ್ದರೂ ಅವಳು ತಾಳಿಕೊಳ್ಳುತ್ತಿದ್ದಳೇನೋ. ಆದರೆ ಇವನು! ಹನ್ನೊಂದು ಸೋಮವಾರ ಕೈಯಿಂದ ಕೈಗೆ ಮಂಕರಿ ಕೊಟ್ಟವನು!

“ನಿಮ್ಮ ಕಣ್ಗೂ ನಾನು ಇಷ್ಟೇನಾ?”

“ಶಿವನಂಜಮ್ಮೋರೇ, ಇದು...”

“ಮಾತಾಡ್ಬೇಡಿ! ನನ್ನ ಮೈ ಮುಚ್ಕಳಾಕ ನಂಗ ಯೋಗ್ಯತೆ ಅದ. ನಿಮ್ಮ ಸೀರ ನಂಗ ಬ್ಯಾಡ. ಇನ್ನೊಂದ್ಸಲ ನಮ್ಮನ ಕಡ ತಿರುಗಿ ನೋಡ್ಬೇಡಿ!”

ಅವಳು ಸೀರೆಯನ್ನು ತಳ್ಳಿದಳು. ಅದು ಅವನ ಕೈತಪ್ಪಿ ಕಟ್ಟೆಯ ಕೆಳಗಿನ ಕೆಸರಿಗೆ ಬಿತ್ತು.

ಅವನು ನಿಧಾನವಾಗಿ ಬಗ್ಗಿ, ಸೀರೆ ಎತ್ತಿಕೊಂಡು, ಮಗುವಿನ ಮೈಯೊರೆಸುವ ಹಾಗೆ ಅಂಗೈಯಲ್ಲಿ ಕೆಸರು ಒರೆಸಿದ. ಎದೆಗವಚಿಕೊಂಡು ಹೊರಟುಹೋದ. ಹಿಂತಿರುಗಿ ನೋಡಲಿಲ್ಲ.

ಮನೆಯಲ್ಲಿ ದೊಡ್ಡಬಸಮ್ಮ ಬಾಗಿಲಿಗೇ ಕಣ್ಣು ನೆಟ್ಟು ಕೂತಿದ್ದಳು.

“ಏನಾಯ್ತವ್ವಾ?”

“ಸೀರ ಕೊಡಾಕ ಬಂದಿದ್ರು ಅತ್ತ. ಬ್ಯಾಡ ಅಂದ್ಬುಟ್ಟು ಬಂದಿ. ಎಲ್ಲರ ಎದುರ್ಗೇ.”

ಮುದುಕಿ ಏನೋ ಕೇಳಲು ಬಾಯಿ ತೆರೆದಳು... ಮುಚ್ಚಿಕೊಂಡಳು. ಸೊಸೆಯ ತಲೆಯನ್ನು ತೊಡೆಗೆಳೆದುಕೊಂಡು ಸವರಿದಳು, ಅಷ್ಟೇ.

ಮೂರು ದಿನ ಬೀದಿ ತುದಿಯ ಮಗ್ಗದ ಸದ್ದು ಕೇಳಿತು. ನಾಲ್ಕನೇ ದಿನ ನಿಂತುಹೋಯಿತು. ಸಿದ್ದಮಲ್ಲಪ್ಪ ಕೆಲಸ ಬಿಟ್ಟು ಊರಿಗೆ ಹೋದನಂತೆ.

*

ಎರಡು ವರ್ಷ!

ಅವನಿಲ್ಲದೆ ಸಂಘ ಸೊರಗಿತು. ನೀರು ಬಂತಲ್ಲ, ಇನ್ನೇನು ಎಂದು ಒಬ್ಬೊಬ್ಬರೇ ಸೋಮವಾರ ತಪ್ಪಿಸತೊಡಗಿದರು. ಒಂದು ಸೋಮವಾರ ಬಾವಿಯ ಹತ್ತಿರ ಶಿವನಂಜಮ್ಮ ಒಬ್ಬಳೇ ಇದ್ದಳು. ಅವಳು ವಾಪಸು ಹೋಗಲಿಲ್ಲ. ಸನಿಕೆ ಹಿಡಿದು ಚರಂಡಿ ತೆಗೆಯತೊಡಗಿದಳು. ಗೋವಿಂದಮ್ಮ ನೋಡಲಾರದೆ ಬಂದಳು. ಆಮೇಲೆ ಎದುರು ಮನೆಯ ಚಿಕ್ಕಬಸಮ್ಮ ಬಂದಳು. ದಾನದ ಸೀರೆ ಪಡೆದ ಆರು ಜನರೂ ಬಂದರು. ಹೆಂಗಸರ ಹಿಂದೆ, ನಾಚಿಕೊಂಡು, ಗಂಡಸರು.

ಪ್ಲೇಗಿನಲ್ಲಿ ಬಿದ್ದ ಮನೆಗಳ ಮಣ್ಣು ಹೊತ್ತು ಹಾಕಿದರು. ಒಂದು ಮನೆಯ ಉಳಿದ ಗೋಡೆಗೇ ಚಪ್ಪರ ಹಾಕಿ, ಕೂಲಿಗೆ ಹೋಗುವವರ ಕೂಸುಗಳನ್ನು ನೋಡಿಕೊಳ್ಳಲು ಶಿಶುವಿಹಾರ ಮಾಡಿದರು. ಬೀದಿ ಮತ್ತೆ ಬೀದಿಯಾಯಿತು. ಖಾಲಿ ಮನೆಗಳಿಗೆ ಒಕ್ಕಲು ಬಂದವು.

ಆದರೆ ಬೇಸಿಗೆಗೊಮ್ಮೆ ಬಾವಿಯ ಹೂಳು ತೆಗೆಯುವಾಗ ಏಳನೇ ಮೆಟ್ಟಿಲಲ್ಲಿ ಯಾರೂ ನಿಲ್ಲುತ್ತಿರಲಿಲ್ಲ.

ಶಿವನಂಜಮ್ಮ ಎಂಟನೆಯದರಲ್ಲಿ ನಿಂತು, ಎರಡು ಮೆಟ್ಟಿಲಷ್ಟು ಕೆಳಕ್ಕೆ ಬಗ್ಗಿ, ಆರನೆಯವರ ಕೈಯಿಂದ ತಾನೇ ಮಂಕರಿ ಎಳೆದುಕೊಳ್ಳುತ್ತಿದ್ದಳು.

“ಬಿದ್ದೀಯೆ ಕಣ್ ಮಗ, ಯಾರ್ನಾದ್ರೂ ನಿಲ್ಸು” ಎಂದು ಪುಟ್ಟಮಲ್ಲಪ್ಪ ಗೊಣಗುತ್ತಿದ್ದ.

“ಅಲ್ಲಿ ಕಲ್ಲು ಮುರ್ದದ ಅಜ್ಜ. ಯಾರೂ ನಿಲ್ಲಾಕಾಗಲ್ಲ.”

ಪುಟ್ಟಮಲ್ಲಪ್ಪ ಎಲೆಗೆ ಸುಣ್ಣ ಸವರತೊಡಗುತ್ತಿದ್ದ. ಮುದುಕನಾದರೂ ಕಣ್ಣಿರಲಿಲ್ಲವೇ ಅವನಿಗೆ?

ಸಿಟ್ಟು ಮೊದಲ ಆರು ತಿಂಗಳಿಗೇ ಸವೆದುಹೋಗಿತ್ತು. ಉಳಿದದ್ದು ನೋವು. ಬಿದಿರಿನ ಹಿಡಿ ಅಂಗೈ ಸೀಳಿದಾಗಲೆಲ್ಲ ನಯವಾದ ಬದಿಯನ್ನು ತನ್ನ ಕಡೆಗೆ ತಿರುಗಿಸುತ್ತಿದ್ದ ಕೈ ನೆನಪಾಗುತ್ತಿತ್ತು.

‘ನಾನು ಬೇಡ ಅಂದಿದ್ದು ಸೀರೆಯನ್ನ... ನಿಮ್ಮನ್ನಲ್ಲ. ಅಷ್ಟೂ ತಿಳೀಲಿಲ್ವಾ ನಿಮಗೆ?’

*

ಎರಡನೇ ವರ್ಷದ ಮಾಗಿ ಚಳಿಗೆ ದೊಡ್ಡಬಸಮ್ಮ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ, ಹಿತ್ತಿಲ ಬಾಗಿಲಿನಿಂದ ಬಿಸಿಲು ಬಿದ್ದಿದ್ದಾಗ ಸೊಸೆಯನ್ನು ಹತ್ತಿರ ಕರೆದಳು.

“ನಂಜಿ, ಒಂದು ಮಾತು ಹೊಟ್ಟೇಲಿಟ್ಕಂಡಿವ್ನಿ. ಹೊತ್ಕಂಡು ಓಗಾಕ ಆಗಲ್ಲ ಕಣವ್ವಾ.”

“ಸುಮ್ನಿರಿ ಅತ್ತ, ಆಯಾಸ ಮಾಡ್ಕಬ್ಯಾಡಿ.”

“ಆ ಮಗ್ಗದ ಉಡುಗ ತಂದಿದ್ನಲ್ಲಾ ಸೀರ... ಅದು ದಾನದ್ದಲ್ಲ ಕಣವ್ವಾ.”

ಶಿವನಂಜಮ್ಮನ ಕೈಯಲ್ಲಿದ್ದ ನೀರಿನ ಲೋಟ ನಿಂತುಬಿಟ್ಟಿತು.

“ಜಗಲಿ ಮ್ಯಾಲ ಕೂತ್ಕಂಡು ಕೇಳ್ದ ನನ್ನ. ‘ಅವ್ವಾ, ನಿಮ್ಮ ಸೊಸನ ಕೂಡಾವಳಿ ಮಾಡ್ಕತೀನಿ, ನಿಮ್ಮನ್ನೂ ನಾನೇ ಸಾಕ್ತೀನಿ, ಒಪ್ಗ ಕೊಡಿ’ ಅಂತ. ನಾನೇ ಅಂದಿ, ಸೀರ ತಗಬಾಪ್ಪಾ ಅಂತ.”

ಗಂಡ ಸತ್ತವಳನ್ನು ಮತ್ತೆ ಮದುವೆಯಾಗುವವನು ಸೀರೆ ಕೊಡಬೇಕು. ಅದೇ ಕೂಡಾವಳಿ. ಶಿವನಂಜಮ್ಮನ ಕಡೆ ಗಂಡಿನ ಹಿರಿಯರು ಎಲೆಅಡಿಕೆಯ ಜೊತೆ ಸೀರೆಯನ್ನು ಮನೆಗೆ ತರುತ್ತಿದ್ದರು. ಯಳಂದೂರಿನ ಅವನ ಮನೆತನದಲ್ಲಿ ಹಾಗಲ್ಲ. ಗಂಡು ತಾನೇ, ನಾಲ್ಕು ಜನರ ಎದುರಿಗೆ, ಮಾತಾಡದೆ ಸೀರೆ ಹಿಡಿಯಬೇಕು. ಹೆಣ್ಣು ಸೆರಗೊಡ್ಡಿದರೆ ಒಪ್ಪಿಗೆ. ಒಡ್ಡದಿದ್ದರೆ ಜನ್ಮದಲ್ಲಿ ಮತ್ತೆ ಕೇಳುವ ಹಾಗಿಲ್ಲ.

ಅವನು ತನ್ನ ಪದ್ಧತಿಯಂತೆ ಬಂದಿದ್ದ. ಅವಳಿಗೆ ಆ ಪದ್ಧತಿಯೇ ಗೊತ್ತಿರಲಿಲ್ಲ...

“ಸಾಹುಕಾರ್ರ ಸೀರ ನೇಯ್ದ ಹಾಸಲ್ಲೇ ಕೊನೇದು ನಿಂಗಂತ ನೇಯ್ದಿದ್ನಂತ. ಅಂಚಿಗ ಮಾತ್ರ ಮೆಟ್ಲು ಮೆಟ್ಲಾಗಿ ಕಟ್ಟಿವ್ನಿ, ಎಂಟು ಮೆಟ್ಲು, ಅಂತಿದ್ದ. ನೀನು ಬಿಚ್ಚೇ ನೋಡ್ನಿಲ್ಲ...”

“ಅತ್ತಾ...”

“ಇನ್ನೂ ಅದ, ಕೇಳು. ಅವತ್ತು ನೀ ಬಂದು ಬ್ಯಾಡ ಅಂದಿ ಅಂದಾಗ, ನೀನು ಅವನನ್ನೇ ಬ್ಯಾಡ ಅಂದೆ ಅಂತ ನಾ ಅನ್ಕಂಡಿ. ಮಾರ್ನೇ ದಿನ ಗೋವಿಂದಿ ಬಂದು, ದಾನದ ಸೀರ ಅಂತ ಎಸೆದ್ಲು ನಿನ್ ಸೊಸ, ಅಂದ್ಲು. ಆಗ ಗೊತ್ತಾಯ್ತು ನಂಗ. ಅವ ಇನ್ನೂ ಊರು ಬುಟ್ಟಿರ್ನಿಲ್ಲ. ಮಗ್ಗದ ಸದ್ದು ಇಲ್ಲೀಗಂಟ ಕೇಳ್ತಿತ್ತು. ಒಂದು ಮಾತು ಅಂದಿದ್ರ ಸಾಕಾಗಿತ್ತು. ಅನ್ನಲಿಲ್ಲ ಕಣವ್ವಾ...”

ಮುದುಕಿಯ ಕಣ್ಣಿಂದ ನೀರು ಕಿವಿಗಿಳಿಯುತ್ತಿತ್ತು.

“ಅವ್ನು ಸಾಕ್ತೀನಿ ಅಂದಿದ್ದ, ನಿಜವೇಯ. ನಂಗ ನಂಬ್ಕ ಬರ್ನಿಲ್ಲ. ನೀನೂ ಓಗ್ಬುಟ್ರ ನಂಗ ಬಾಯಿಗ ನೀರು ಬುಡೋರ್ಯಾರು ಅಂತ ಹೆದರ್ಕಂಡಿ. ಆ ಸದ್ದು ನಿಂತ ದಿನ... ಸದ್ಯ, ಅನ್ಕಂಡಿ. ನನ್ನ ಪಾಪಿ ಬಾಯಿ...”

ಶಿವನಂಜಮ್ಮನಿಗೆ ಕಿರುಚಬೇಕೆನಿಸಿತು. ಎರಡು ವರ್ಷ! ಎದ್ದು ಹೋಗಬೇಕೆನಿಸಿತು. ಆ ಹಾಸಿಗೆ, ಆ ಮನೆ, ಎಲ್ಲವನ್ನೂ ಬಿಟ್ಟು...

ಆದರೆ ಮುದುಕಿಯ ತುಟಿಗಳು ಒಣಗಿ ಬಿರಿದಿದ್ದವು.

ಅವಳು ಬಗ್ಗಿ, ಅತ್ತೆಯ ತಲೆಯೆತ್ತಿ ಹಿಡಿದು, ಲೋಟವನ್ನು ಬಾಯಿಗಿಟ್ಟಳು. ಅದೇ ಬಾವಿಯ ನೀರು. ದೊಡ್ಡಬಸಮ್ಮ ಎರಡು ಗುಟುಕು ಕುಡಿದಳು. ಮೂರನೆಯದು ಗಂಟಲಿಗಿಳಿಯಲಿಲ್ಲ.

*

ತಿಥಿ ಮುಗಿದ ಮಾರನೇ ಬೆಳಿಗ್ಗೆ ಶಿವನಂಜಮ್ಮ ಪುಟ್ಟಮಲ್ಲಪ್ಪನ ಜಗಲಿಯ ಮುಂದೆ ನಿಂತಿದ್ದಳು.

“ಅಜ್ಜ, ಯಳಂದೂರ್ಗ ಬತ್ತೀರಾ ನನ್ನ ಜೊತಗ?”

ಅವನು ಯಾಕೆಂದು ಕೇಳಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಎಲ್ಡು ವರ್ಷದಿಂದ ಕಾಯ್ತಾ ಇವ್ನಿ, ಯಾವಾಗ ಕೇಳೀಯೆ ಅಂತ. ನಡಿ.”

ಅವಳು ಬಸ್ಸು ಹತ್ತಿದ್ದು ಅದೇ ಮೊದಲು. ಎರಡು ಸೀಮೆ ಕೂಡುವಲ್ಲಿ, ಪಾನನಿಷೇಧವಿದ್ದ ಮದ್ರಾಸು ಸೀಮೆಗೆ ಕಳ್ಳಸಾರಾಯಿ ಬಾರದಂತೆ ಕಾಯುವ ಪೊಲೀಸಿನವನೊಬ್ಬ ಬಸ್ಸಿನೊಳಗೆ ಇಣುಕಿದ.

“ಆ ಬಟ್ಟೆಗಂಟ್ನಲ್ಲಿ ಏನದ ತಾತಾ?”

“ಓಗೋವಾಗ ಏನ್ ನೋಡೀಯಪ್ಪಾ? ಬರೋವಾಗ ನೋಡು. ಒಬ್ಬ ಉಡುಗುನ್ನೇ ಕದ್ಕಂಡು ಬತ್ತೀವಿ!”

ಬಸ್ಸೆಲ್ಲ ನಕ್ಕಿತು. ಶಿವನಂಜಮ್ಮ ನಗಲಿಲ್ಲ. ‘ಮದುವೆಯಾಗಿದ್ದರೆ? ಎರಡು ವರ್ಷ... ಯಾರು ಕಾಯುತ್ತಾರೆ? ಮಕ್ಕಳಾಗಿದ್ದರೆ... ದೂರದಿಂದಲೇ ನೋಡಿ ಬಂದುಬಿಡುತ್ತೇನೆ. ತಪ್ಪಾಯಿತು ಅಂತ ಹೇಳಿ ಬಂದುಬಿಡುತ್ತೇನೆ...’

ಬಸ್ಸು ನಿಲ್ಲುವ ಬೀದಿಯಲ್ಲೇ ಅವನ ಮನೆ. ಹೊರಗಿನಿಂದಲೇ ಮಗ್ಗದ ಸದ್ದು ಕೇಳಿಸಿತು. ಅವಳಿಗೆ ಆ ಸದ್ದಿನ ಗತಿ ಬಾಯಿಪಾಠ.

ಪುಟ್ಟಮಲ್ಲಪ್ಪ ಜಗಲಿಯಲ್ಲೇ ಕೂತ. “ನೀ ಒಳಿಕ್ಕ ಓಗವ್ವ. ನಂಗ ಮಂಡಿ ನೋವು” ಎಂದ. ಅವನಿಗೆ ಮಂಡಿನೋವು ಯಾವತ್ತೂ ಇರಲಿಲ್ಲ.

ಬಾಗಿಲಲ್ಲಿ ನೆರಳು ಬಿದ್ದಾಗ ಲಾಳಿ ನಿಂತಿತು. ಸಿದ್ದಮಲ್ಲಪ್ಪ ತಲೆಯೆತ್ತಿದ. ತೆಳ್ಳಗಾಗಿದ್ದ. ಕಿವಿಯ ಹತ್ತಿರ ಬೆಳ್ಳಿಕೂದಲು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದೇ ತಟ್ಟೆ ಗೋಡೆಗೆ ಒರಗಿತ್ತು.

“ನೀವು... ಇಲ್ಲಿ?”

“ಅತ್ತ ತೀರ್ಕಂಡ್ರು.”

ಅವನು ಮಗ್ಗದಿಂದೆದ್ದು ನಿಂತ. “ಅಯ್ಯೋ... ನಂಗ ಯಾರೂ ಹೇಳ್ನಿಲ್ಲ.”

“ಓಗೋಕ ಮುಂಚ ಎಲ್ಲಾನೂ ಅಂದ್ರು. ಆ ಸೀರ... ನಂಗ ಗೊತ್ತಿರ್ನಿಲ್ಲ. ಗಂಗೆಪೂಜೆಲಿ ಹಂಚಿದ್ದ ದಾನದ ಸೀರ ಅನ್ಕಂಡಿ. ನಮ್ಮ ಕಡ ಸೀರ ಹಂಗ ಕೊಡಲ್ಲ. ಹಿರೀಕ್ರು ತತ್ತಾರ, ಮನಗ ತತ್ತಾರ... ನಂಗ್ಯಾರೂ...”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸಿದ್ದಮಲ್ಲಪ್ಪ ಮಗ್ಗದ ಕಂಬ ಹಿಡಿದುಕೊಂಡ. ಕಾಲ ಕೆಳಗಿನ ಮೆಟ್ಟಿಲು ಎರಡನೇ ಸಲ ಮುರಿದವನ ಹಾಗೆ.

“ದಾನದ್ದು ಅನ್ಕಂಡ್ರಾ?” ಎಂದ ಮೆಲ್ಲಗೆ. “ನಿಮ್ಮ ಹೆಸ್ರ ಆ ಪಟ್ಟೀಲಿ ಗುರುಪಾದಸ್ವಾಮ್ಗಳು ಬರ್ದಿದ್ರು. ಜಗಳ ಆಡಿ ನಾನೇ ತೆಗೆಸ್ದಿ...”

“ನಂಗೊತ್ತಿತ್ತು! ಅವತ್ತೇ ಅನ್ಕಂಡಿ, ನೀವೇ ತೆಗೆಸಿರ್ಬೇಕು ಅಂತ. ಅದಾದ ಗಳಿಗೇಲೇ ನೀವು ಸೀರ ಹಿಡ್ಕಂಡು ಬಂದ್ರಿ...”

ಅವಳು ಕಣ್ಣೊರೆಸಿಕೊಂಡು ಕೇಳಿದಳು.

“ಆ ಸೀರ... ಅಂಚಿನಲ್ಲಿ ಮೆಟ್ಲು ಕಟ್ಟಿದ್ರಂತಲ್ಲ. ಒಂದ್ಸಲ ನೋಡ್ಲಾ?”

ಅವನು ಮಗ್ಗದ ಮೇಲಿನ ಬಟ್ಟೆಯನ್ನು ಅಂಗೈಯಲ್ಲಿ ಸವರಿದ.

“ಇಲ್ಲ.”

“ಕೊಟ್ಬುಟ್ರಾ... ಬೇರೆಯೋರ್ಗ?”

“ಹೋದ ವರ್ಷ ಅವ್ವ ತೀರ್ಕಂಡ್ಳು. ‘ಸೊಸ ಸೀರ ಒಂದ್ಸಲ ತೋರ್ಸಪ್ಪಾ’ ಅಂತ ದಿನಾ ಕೇಳೋಳು. ನೀವು ಒಪ್ನಿಲ್ಲ ಅಂತ ನಾನು ಅವಳ್ಗ ಅಂದೇ ಇರ್ನಿಲ್ಲ. ಕೊನೇ ದಿನ ತೆಗೆದು ಕೈಗ ಕೊಟ್ಟಿ. ಅಂಚು ಸವರಿ ಸವರಿ ನೋಡಿದ್ಲು. ಅವಳ ಮ್ಯಾಲೇ ಹೊದಿಸ್ದಿ. ಅವಳ ಜೊತಗೇ ಮಣ್ಣು ಸೇರ್ತು.”

ಅವಳು ನೆಲದ ಮೇಲೆ ಕೂತಳು. ಇಬ್ಬರು ಮುದುಕಿಯರು. ಒಬ್ಬಳು ಸೊಸೆಯನ್ನು ಬಿಟ್ಟುಕೊಡಲಾರದೆ ಸತ್ತಳು, ಇನ್ನೊಬ್ಬಳು ಸೊಸೆಯನ್ನು ಕಾಣದೇ ಸತ್ತಳು. ತನಗಾಗಿ ನೇಯ್ದ ಆ ಎಂಟು ಮೆಟ್ಟಿಲುಗಳನ್ನು ಅವಳು ಇನ್ನು ಯಾವತ್ತೂ ನೋಡುವ ಹಾಗಿರಲಿಲ್ಲ.

ಅವಳು ಅತ್ತಳು. ಗಂಡ ಸತ್ತಾಗ, ಅತ್ತೆ ಸತ್ತಾಗ ಅಳದಿದ್ದ ಅಳುವನ್ನೆಲ್ಲ ಅತ್ತಳು. ಅವನು ನಾಲ್ಕು ಮೊಳ ದೂರದಲ್ಲಿ ತಾನೂ ನೆಲದ ಮೇಲೆ ಕೂತ.

ಅಳು ನಿಂತಾಗ ಕೇಳಿದಳು.

“ಮೂರು ದಿನ ಇದ್ರಲ್ಲ ಅಲ್ಲೇ. ಒಂದ್ಸಲ ಬಂದು ಕೇಳ್ಬಾರ್ದಿತ್ತಾ?”

“ನಮ್ಮ ಕಡ ಗಂಡು ಎಲ್ಡನೇ ಸಲ ಕೇಳಂಗಿಲ್ಲ.”

“ಹೆಣ್ಣು?”

“ಏನು?”

“ಹೆಣ್ಣು ಕೇಳಂಗಿಲ್ಲ ಅಂತ ನಿಮ್ಮ ಪದ್ಧತೀಲಿ ಎಲ್ಲಾದ್ರೂ ಅದಾ?”

ಅವನು ಬೆರಗಾಗಿ ನೋಡಿದ. ಅವಳು ಎದ್ದು ನಿಂತಿದ್ದಳು. ಕಣ್ಣುಗಳು ಕೆಂಪಗಿದ್ದವು, ದನಿ ಮಾತ್ರ ಬಾವಿಯ ಗೋಡೆಗೆ ಬಡಿದ ಮೊದಲ ದಿನದ ದನಿಯೇ. ಯಾರ ಮುಂದೆಯೂ ಕೈ ಚಾಚದಿದ್ದವಳು ಎರಡೂ ಕೈಯಲ್ಲಿ ಸೆರಗು ಹಿಡಿದು ಅವನ ಮುಂದೆ ಒಡ್ಡಿದಳು.

“ಏಳ್ನೇ ಮೆಟ್ಲು ಖಾಲಿ ಅದ. ಎಲ್ಡು ವರ್ಷದಿಂದ ಯಾರ್ನೂ ನಿಲ್ಸಿಲ್ಲ ನಾನು. ಬತ್ತೀರಾ?”

“ಸೆರಗಿಗ ಹಾಕಾಕ... ನನ್ನ ಕೈಲಿ ಸೀರ ಇಲ್ವಲ್ಲ, ನಂಜಾ.”

ಮೊದಲ ಸಲ ಅವನು ಅವಳನ್ನು ಸಲಿಗೆಯ ಹೆಸರಿನಿಂದ ಕರೆದಿದ್ದ.

“ಮಗ್ಗ ಅದಲ್ಲ.”

“ಅದೇ ಅಂಚು ಬರಾಕಿಲ್ಲ. ಕೈ ಮರ್ತೋಗದ.”

“ಬ್ಯಾಡ. ಅದು ಅವ್ವಂದು, ಅವ್ವನ್ಗೇ ಇರ್ಲಿ. ಬ್ಯಾರೇದು ನೇಯಿ. ನಾನು ಕೂತ್ಕತೀನಿ.”

“ಎಷ್ಟು ದಿನ ಆಯ್ತದೋ...”

“ಹನ್ನೊಂದು ಸೋಮವಾರ ಹೂಳು ಹೊತ್ತಿವ್ನಿ. ಕಾಯಾಕ ಬತ್ತದ ನಂಗ.”

ಅವನು ಎದ್ದು ಮಗ್ಗದತ್ತ ತಿರುಗಿದ. “ಇನ್ನೊಂದ್ಸಲ ಕೆಸ್ರಿಗೆ ಎಸೆದ್ರ?”

“ಬಿಚ್ಚಿ ನೋಡ್ದಲೇ ಎಸೆಯಲ್ಲ” ಎಂದಳು. ಅಳುವಿನ ನಡುವೆಯೇ ನಗು ಬಂದುಬಿಟ್ಟಿತು.

ಸಿದ್ದಮಲ್ಲಪ್ಪ ಮತ್ತೆ ಮಗ್ಗಕ್ಕೆ ಕೂತ. ಲಾಳಿಯೊಳಗಿನ ನೂಲು ಮುಗಿದಿತ್ತು. ಅವಳು ನೆಲದ ಮೇಲಿನ 
ಬುಟ್ಟಿಯಿಂದ ನೂಲು ಸುತ್ತಿದ ಒಂದು ಬಿದಿರಿನ ಕಂಡಿಕೆ ಎತ್ತಿಕೊಟ್ಟಳು. ಸೀಳಿದ ಬದಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ನಯವಾದ ಬದಿಯನ್ನು ಅವನ ಕಡೆಗೆ ಮಾಡಿ.

ಅವನು ಅದನ್ನು ಗಮನಿಸಿದ. ಕಂಡಿಕೆಯ ಜೊತೆ ಅವಳ ಬೆರಳನ್ನೂ ಹಿಡಿದುಕೊಂಡ.

“ಗೊತ್ತಿತ್ತಾ ನಿಂಗ?”

“ಎಲ್ಲಾ ಗೊತ್ತಿತ್ತು ನಂಗ. ಸೀರ ಒಂದು ಬುಟ್ಟು.”

ಹೊರಗೆ ಕೊಳ್ಳೇಗಾಲಕ್ಕೆ ಹೋಗುವ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಬೆಳಿಗ್ಗೆ ಅವರನ್ನು ತಂದಿಳಿಸಿದ್ದ ಕಂಡಕ್ಟರು ಬಾಗಿಲಿಂದ ಬಗ್ಗಿ, “ಬರೋದಿಲ್ವಾ ತಾತಾ?” ಎಂದು ಕೂಗಿದ. ಜಗಲಿಯ ಮೇಲೆ ಕೂತಿದ್ದ ಪುಟ್ಟಮಲ್ಲಪ್ಪ ಒಳಗಿನ ಮಗ್ಗದ ಸದ್ದಿಗೆ ಒಂದು ಗಳಿಗೆ ಕಿವಿಗೊಟ್ಟ. ಆಮೇಲೆ ಟವಲು ಮಡಿಸಿ ತಲೆಗಿಟ್ಟುಕೊಂಡು ಗೋಡೆ ಕಡೆ ಹೊರಳಿ ಮಲಗಿ, ಹೋಗು ಹೋಗು ಎಂದು ಕೈ ಬೀಸಿದ.